ಓಡಿಸಿದಷ್ಟೂ ಸುಸ್ತಾಗದ ಬಂಟ

ಚಿಕ್ಕಬಳ್ಳಾಪುರದ ಹತ್ತಿರ ಒಂದು ದ್ರಾಕ್ಷಿ ತೋಟದಲ್ಲಿ 11 ವರ್ಷದಿಂದ ಸೂಪರ್‌ವೈಸರ್ ಆಗಿದ್ದೇನೆ. ಔಷಧಿ ಹೊಡೆಸುವುದು, ಡ್ರಿಪ್ ನೋಡುವುದು, ಆಳುಗಳ ಹಾಜರಿ, ಲೋಡ್ ಕಳಿಸುವುದು ನನ್ನ ಕೆಲಸ. ಹೋದ ವರ್ಷ ಇನ್ನೊಂದು ಸೇರಿಕೊಂಡಿತು. ಬೆಂಗಳೂರಿನಿಂದ ಬಂದ ಓನರ್ ಕಾರಿನ ಹಿಂದಿನ ಬಾಗಿಲು ತೆಗೆದು 10 ತಿಂಗಳ ನಾಯಿಯೊಂದನ್ನು ಇಳಿಸಿದರು. "ಕಾವಲಿಗೆ ಇರಲಿ, ನೀನೇ ನೋಡ್ಕೋ" ಅಂದರು.

ಬೆಲ್ಜಿಯನ್ ಮಲಿನೋಯ್ಸ್. ಮೈ ಕಂದು, ಮೂತಿ ಕಪ್ಪು, ಕಿವಿ ಯಾವಾಗಲೂ ನೆಟ್ಟಗೆ. ಬಂಟ ಅಂತ ಹೆಸರಿಟ್ಟೆವು. ನಾನು ಚಿಕ್ಕಂದಿನಿಂದ ನಾಯಿ ಸಾಕಿದವನು. ಆದರೆ ನಮ್ಮೂರ ನಾಯಿ ಹಾಕಿದ್ದು ತಿಂದು ಹುಣಸೆ ಮರದ ಕೆಳಗೆ ಮಲಗುತ್ತದೆ. ಬಂಟ ಹಗಲಲ್ಲಿ ಮಲಗಿದ್ದನ್ನೇ ನಾನು ಕಂಡಿರಲಿಲ್ಲ. ಮೊದಲನೇ ವಾರವೇ ಎರಡು ಸಾಲಿನ ಡ್ರಿಪ್ ಪೈಪ್ ಕಡಿದು ಹಾಕಿದ.

ಮೈಯಲ್ಲಿ ಕಸುವು ಜಾಸ್ತಿ, ಓಡಿಸಿ ಸುಸ್ತು ಮಾಡಬೇಕು ಅಂತ ನನಗೆ ತೋಚಿತು. ಬೆಳಗ್ಗೆ ಟಿವಿಎಸ್ ಮೇಲೆ ನಾನು, ಪಕ್ಕದಲ್ಲಿ ಅವನು. ಮೊದಲು 3 ಕಿಲೋಮೀಟರ್, ಆಮೇಲೆ 5, ಆಮೇಲೆ 8. ಸಂಜೆ ಕೈ ನೋಯುವವರೆಗೆ ಚೆಂಡು ಎಸೆಯುವುದು. ಮೂರು ತಿಂಗಳಾಗುವ ಹೊತ್ತಿಗೆ, 8 ಕಿಲೋಮೀಟರ್ ಓಡಿ ಬಂದು ನೀರು ಕುಡಿದು ಐದೇ ನಿಮಿಷಕ್ಕೆ ಗೇಟಿನ ಹತ್ತಿರ ಸುತ್ತು ಹಾಕುತ್ತಿದ್ದ. ಓಡುವುದು ಏನು ಕಂಡರೂ ಅಟ್ಟಿಸಿಕೊಂಡು ಹೋಗುವ ಚಾಳಿಯೂ ಹತ್ತಿತು.

ಒಂದು ಬೆಳಗ್ಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸರನ್ನು ಸುತ್ತುಹಾಕಿ, ಅವರಲ್ಲಿ ಹಿರಿಯಮ್ಮನ ಹಿಮ್ಮಡಿಗೆ ಬಾಯಿ ಹಾಕಿದ. ಚರ್ಮ ತರಚಿತ್ತು. ಕಾಲು ತೊಟ್ಟಿಯ ನಲ್ಲಿ ಕೆಳಗಿಟ್ಟು ಸೋಪು ಹಾಕಿ 15 ನಿಮಿಷ ತೊಳೆಸಿದೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಶುರು ಮಾಡಿಸಿದೆ. ನಾಯಿಗೆ ಲಸಿಕೆ ಆಗಿದೆ ಅಂತ ಇದನ್ನು ಬಿಡಬಾರದು. ವಾಪಸ್ ಬರುವಾಗ ಆಯಮ್ಮ, "ಅದು ಇರೋ ತನಕ ನಾನು ಬರಲ್ಲ ಕಣಪ್ಪ" ಅಂದರು. ನನಗಿಂತ ಮುಂಚಿನಿಂದ ಆ ತೋಟದಲ್ಲಿ ದುಡಿದವರು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾಯಿ ನನ್ನ ಜವಾಬ್ದಾರಿ, ತಪ್ಪೂ ನನ್ನದೇ.

ನಮ್ಮ ಮಾವ ಒಬ್ಬರು ಪೊಲೀಸ್ ಶ್ವಾನದಳದಲ್ಲಿದ್ದು ರಿಟೈರ್ ಆದವರು. ಭಾನುವಾರ ಬಂದು ಎರಡು ಗಂಟೆ ಸುಮ್ನೆ ಕೂತು ನೋಡಿದರು. "ಓಡಿಸಿದಷ್ಟೂ ದಮ್ಮು ಬರುತ್ತೆ ಕಣಯ್ಯ. ಅದರ ಮೂಗಿಗೆ ಏನು ಕೆಲಸ ಕೊಟ್ಟಿದ್ದೀಯ?" ಅಂತ ಕೇಳಿದರು. ಈ ಜಾತಿಯನ್ನು ಬೆಲ್ಜಿಯಂನಲ್ಲಿ ಕುರಿ ಕಾಯಲು ಬೆಳೆಸಿದ್ದಂತೆ. ಚದುರಿದ್ದನ್ನು ಸುತ್ತುಹಾಕಿ ಒಟ್ಟು ಮಾಡುವುದು ಅದಕ್ಕೆ ಹುಟ್ಟಿನಿಂದ ಬಂದದ್ದು. ಹೆಂಗಸರ ಗುಂಪಿಗೆ ಬಂಟ ಮಾಡಿದ್ದೂ ಅದನ್ನೇ. ಬೆಂಗಳೂರಿನ ಪಕ್ಕ ತರಳುವಿನಲ್ಲಿ ಸಿಆರ್‌ಪಿಎಫ್‌ನ ನಾಯಿ ತರಬೇತಿ ಶಾಲೆ ಇದೆ. ಅಲ್ಲಿ ಬಾಂಬ್ ಹುಡುಕಲು ಕಲಿಸುವುದೂ ಈ ಜಾತಿಗೇ. ಅಂಥದ್ದನ್ನು ತಂದು ಬರೀ ಓಡು ಅಂದರೆ ತಲೆಗೆ ಕೆಲಸ ಎಲ್ಲಿದೆ, ಅಲ್ವಾ?

ಮಾರನೇ ದಿನವೇ ಶುರು ಮಾಡಿದೆ. ದ್ರಾಕ್ಷಿ ತುಂಬುವ 6 ಕ್ರೇಟ್ ಸಾಲಾಗಿಟ್ಟೆ. ಎಲ್ಲಕ್ಕೂ ಹಳೆ ಪೇಪರ್ ಉಂಡೆ ತುಂಬಿ, ಒಂದರ ತಳದಲ್ಲಿ ಬೇಯಿಸಿದ ಕೋಳಿಯ ಎರಡು ಚೂರು ಹಾಕಿದೆ. "ಹುಡುಕು" ಅಂದೆ. ಮೊದಲು ದಡಬಡ ಅಂತ ಎಲ್ಲವನ್ನೂ ದಾಟಿ ಓಡಿದ. ನಾಲ್ಕನೇದನ್ನು ದಾಟಿದವನು ಗಕ್ಕನೆ ನಿಂತ. ತಲೆ ತಿರುಗಿಸಿದ. ಬಾಲ ಅಲ್ಲಾಡುವುದು ನಿಂತಿತು, ತೆರೆದಿದ್ದ ಬಾಯಿ ಮುಚ್ಚಿಕೊಂಡಿತು. ಮೂಗಿನಿಂದ ಸುಸ್ ಸುಸ್ ಅಂತ ಸಣ್ಣ ಸದ್ದು. ಒಂದೊಂದೇ ಹೆಜ್ಜೆ ಹಿಂದೆ ಬಂದು ಪೇಪರ್ ಒಳಗೆ ಮುಖ ಹುದುಗಿಸಿದ. ಜಾಗ ಬದಲಾಯಿಸುತ್ತಾ ಹತ್ತು ನಿಮಿಷ ಆಡಿಸಿದೆ. ನೀರು ಕುಡಿದ, ಶೆಡ್ಡಿನ ಗೋಣಿಚೀಲದ ಮೇಲೆ ಬಿದ್ದುಕೊಂಡ, ನಿದ್ದೆ ಹೋದ. 8 ಕಿಲೋಮೀಟರ್ ಓಟಕ್ಕೆ ಬಾರದ ನಿದ್ದೆ ಅದು.

ಆಮೇಲೆ ಗ್ಲೌಸ್ ಆಟ. ಔಷಧಿ ಹೊಡೆಯುವಾಗ ಹಾಕುವುದಲ್ಲ, ಕಟಿಂಗ್‌ಗೆ ಹಾಕುವ ಬಟ್ಟೆ ಗ್ಲೌಸ್. ಮೊದಲು ಕಣ್ಣೆದುರೇ ಇಟ್ಟು ತರಿಸುವುದು, ನಂತರ ಕಂಬದ ಹಿಂದೆ, ಆಮೇಲೆ ಚಪ್ಪರದ ಮೂರನೇ ಸಾಲಿನಲ್ಲಿ. ಸಿಗದೆ ಒದ್ದಾಡಿದರೆ ಮತ್ತೆ ಸುಲಭದ ಜಾಗಕ್ಕೆ. ಇನ್ನೂ ಆಡಬೇಕು ಅನ್ನುವಾಗಲೇ "ಸಾಕು" ಅಂತ ನಿಲ್ಲಿಸಬೇಕು. ಹಾಗೆ ಮಾಡಿದರೆ ನಾಳೆಯೂ ಅದೇ ಆಸೆಯಿಂದ ಬರುತ್ತಾನೆ.

ಎಳೆದಾಟಕ್ಕೆ ಸುತ್ತಿದ ಗೋಣಿಚೀಲ. "ಬಿಡು" ಅಂದು ನನ್ನ ಕೈ ಅಲ್ಲಾಡಿಸದೆ ನಿಲ್ಲುತ್ತೇನೆ. ಬಿಟ್ಟ ಕೂಡಲೇ ಆಟ ಮತ್ತೆ ಶುರು. ಬಿಟ್ಟರೆ ಕಳೆದುಕೊಳ್ಳುವುದಿಲ್ಲ ಅಂತ ಅವನಿಗೆ ಗೊತ್ತಾಗಬೇಕು. ಈಗ ಪೈಪ್ ಕಚ್ಚಿದ್ದರೂ ಒಂದು ಮಾತಿಗೆ ಬಿಡುತ್ತಾನೆ.

ಕಷ್ಟವಾಗಿದ್ದು ಸುಮ್ನಿರುವುದನ್ನು ಕಲಿಸಲು. ನನ್ನ ಪ್ರಕಾರ ಇಂಥ ನಾಯಿಗೆ ಎಲ್ಲಕ್ಕಿಂತ ಬೇಕಾದ ಪಾಠ ಇದೇ. ಗೋಣಿಚೀಲದ ಮೇಲೆ ಮಲಗಿಸಿ, ಅಲ್ಲಾಡದೆ ಇದ್ದರೆ ಮುಂಗಾಲುಗಳ ನಡುವೆ ಒಂದು ಚೂರು ಇಡುತ್ತಿದ್ದೆ. ಮೊದಲ ದಿನ 10 ಸೆಕೆಂಡ್ ಆಗಲಿಲ್ಲ. ಒಂದೂವರೆ ತಿಂಗಳಿಗೆ ಲೋಡ್ ತುಂಬಿ ಮುಗಿಯುವವರೆಗೂ ಮಲಗಿರುತ್ತಿದ್ದ. ಈ ಚೂರುಗಳನ್ನೆಲ್ಲ ದಿನದ ಊಟದಲ್ಲೇ ತೆಗೆದಿಡುತ್ತೇನೆ, ಇಲ್ಲದಿದ್ದರೆ ಮೈ ಬರುತ್ತದೆ.

ಇನ್ನೊಂದು ವಿಷಯ ತಡವಾಗಿ ಗೊತ್ತಾಯಿತು. ನಮ್ಮ ಕಡೆ ಅರ್ಧ ಜನ ತೆಲುಗು, ಅರ್ಧ ಕನ್ನಡ. ಒಬ್ಬರು "ರಾ" ಅನ್ನುತ್ತಿದ್ದರು, ಒಬ್ಬರು "ಬಾ", ಓನರ್ "ಕಮ್". ಅವನು ಯಾವುದನ್ನು ಹಿಡಿಯಬೇಕು? ಬಾ, ಬಿಡು, ಹುಡುಕು, ಮಲ್ಕೋ, ಸಾಕು. ಐದೇ ಮಾತನ್ನು ರಟ್ಟಿನ ಮೇಲೆ ಬರೆದು ಪಂಪ್‌ಹೌಸ್ ಬಾಗಿಲಿಗೆ ಅಂಟಿಸಿದೆ. ಯಾರು ಕರೆದರೂ ಅದೇ ಮಾತು.

ಓಡಾಟ ಪೂರ್ತಿ ಬಿಟ್ಟಿಲ್ಲ. ಟಿವಿಎಸ್ ಪಕ್ಕ ಓಡಿಸುವುದು ಬಿಟ್ಟೆ, ಉದ್ದ ಹಗ್ಗ ಕಟ್ಟಿ ಮೂಸುತ್ತಾ ನಡೆಯಲು ಬಿಡುತ್ತೇನೆ. ಬೇಸಿಗೆಯಲ್ಲಿ ಎಲ್ಲವೂ ಬೆಳಗ್ಗೆ 7 ಗಂಟೆಯೊಳಗೆ ಮುಗಿಯಬೇಕು. ಅಂಗೈಯ ಹಿಂಬದಿಯನ್ನು ನೆಲದ ಮೇಲೆ 7 ಸೆಕೆಂಡ್ ಇಡಲಾಗದಿದ್ದರೆ ಅವನ ಪಾದವೂ ಸುಡುತ್ತದೆ.

ಹಿರಿಯಮ್ಮ ಎರಡು ತಿಂಗಳಾದ ಮೇಲೆ ಬಂದರು. ನಾನು ಬಲವಂತ ಮಾಡಲಿಲ್ಲ. ಕಟ್ಟಿದ ನಾಯಿಯನ್ನು ದೂರದಿಂದ ಒಂದು ವಾರ ನೋಡಿದರು. ಮನೆಯಲ್ಲಿ ತೆಲುಗು ಮಾತಾಡುವ ಆಯಮ್ಮ ಈಗ ಕಟಿಂಗ್ ಮುಗಿಸಿ ತಮ್ಮ ಗ್ಲೌಸ್ ಬಚ್ಚಿಟ್ಟು, ಅಚ್ಚಕನ್ನಡದಲ್ಲಿ "ಹುಡುಕು" ಅನ್ನುತ್ತಾರೆ.

ದ್ರಾಕ್ಷಿ ಹಣ್ಣಾಗುವ ಕಾಲಕ್ಕೆ ಮಾತ್ರ ಆಟವನ್ನೆಲ್ಲ ಚಪ್ಪರದಿಂದ ಶೆಡ್ ಕಡೆಗೆ ತರುತ್ತೇವೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿ ಹಾಳು ಮಾಡಬಲ್ಲವು. ಕೆಲವು ನಾಯಿಗಳಿಗೆ ಸ್ವಲ್ಪವೇ ಸಾಕು. ನಿಮ್ಮ ನಾಯಿ ತಿಂದದ್ದು ಗೊತ್ತಾದರೆ ವಾಂತಿ ಆಗಲಿ, ನೋಡೋಣ ಅಂತ ಕಾಯಬೇಡಿ. ಆಗಲೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.