ಫ್ರಾಸ್ಟ್ ಇಲ್ಲದ ಊರಲ್ಲಿ ಟೊಮೇಟೊ ಯಾವಾಗ ಹಾಕೋದು?

ಕುದಿಯುವ ನೀರಲ್ಲಿ ಅದ್ದಿ ತೆಗೆದ ಸೊಪ್ಪು ನೋಡಿದ್ದೀರಲ್ಲ? ಹಾಗಿದ್ದವು ನನ್ನ ಹನ್ನೆರಡು ಟೊಮೇಟೊ ಸಸಿಗಳು. ಹಿಂದಿನ ಸಂಜೆ ನೆಟ್ಟಗೆ ನಿಂತಿದ್ದವು. ಬೆಳಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದರೆ ಎಲೆಗಳೆಲ್ಲ ಕಪ್ಪಗಾಗಿ, ನೀರು ನೀರಾಗಿ ಜೋತುಬಿದ್ದಿದ್ದವು.

ಇದು ಬೆಂಗಳೂರಿನ ನಮ್ಮ ಹನುಮಂತನಗರದ ತಾರಸಿಯ ಕಥೆ ಅಲ್ಲ. ಅಮೆರಿಕದ ಮಿನಿಯಾಪೊಲಿಸ್‌ನದು. ಕೆಲವು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಆರು ತಿಂಗಳು ಹೋಗಿದ್ದೆ. ಫೆಬ್ರವರಿ ಕೊನೆಗೆ ಇಳಿದಾಗ ಹಿತ್ತಲ ತುಂಬಾ ಹಿಮ. ಮಗು, ಎಣ್ಣೆನೀರು, ಮೆಣಸಿನ ಸಾರು, ಇಷ್ಟರಲ್ಲೇ ದಿನ ಕಳೆಯುತ್ತಿತ್ತು. ಆದರೂ ಕೈ ಸುಮ್ನೆ ಇರಬೇಕಲ್ಲ? ಮಾರ್ಚ್‌ನಲ್ಲಿ ಅಡುಗೆಮನೆ ಕಿಟಕಿಯ ಹತ್ತಿರ ಮೊಸರಿನ ಡಬ್ಬಗಳಲ್ಲಿ ಟೊಮೇಟೊ ಬೀಜ ಹಾಕಿದೆ. ಏಪ್ರಿಲ್ ಮಧ್ಯೆ ಎರಡು ಮೂರು ದಿನ ಒಳ್ಳೆ ಬಿಸಿಲು ಬಂತು. ನಮ್ಮ ಯುಗಾದಿ ಬಿಸಿಲಿನ ಥರಾನೇ. ಇನ್ನೇನು ಬೇಕು ಅಂತ ಹಿತ್ತಲಲ್ಲಿ ನೆಟ್ಟೆ. ಮೂರನೇ ರಾತ್ರಿಗೆ ಎಲ್ಲ ಮುಗಿಯಿತು.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು, ಎಂಬತ್ತರ ಹತ್ತಿರ ವಯಸ್ಸು. ಬೇಲಿ ಆಚೆಯಿಂದ ನನ್ನ ಸಸಿ ನೋಡಿ ತಲೆ ಅಲ್ಲಾಡಿಸಿದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರು ಹೇಳಿದ್ದರಲ್ಲಿ ಎರಡು ಮಾತು ಮಾತ್ರ ಮನಸ್ಸಿಗೆ ಹತ್ತಿತು: ಫ್ರಾಸ್ಟ್, ಮದರ್ಸ್ ಡೇ. ಮೇ ತಿಂಗಳ ಎರಡನೇ ಭಾನುವಾರ ಕಳೆಯುವವರೆಗೂ ಟೊಮೇಟೊ ಹೊರಗೆ ಇಡಬಾರದಂತೆ. ನಮ್ಮಲ್ಲಿ ಹಬ್ಬ ನೋಡಿಕೊಂಡು ಬಿತ್ತುವ ಹಾಗೆ ಅವರಿಗೆ ಅಮ್ಮಂದಿರ ದಿನ.

ಫ್ರಾಸ್ಟ್ ಅಂದರೆ ಏನು ಅಂತ ಆಮೇಲೆ ಮಗಳು ಕೂತು ಬಿಡಿಸಿ ಹೇಳಿದಳು. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ನೆಲ, ಎಲೆ ಎಲ್ಲ ಹಗಲಿನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತವೆ. ಗಾಳಿಯ ಉಷ್ಣಾಂಶ ಎರಡು ಡಿಗ್ರಿ ತೋರಿಸುತ್ತಿದ್ದರೂ ಎಲೆ ಸೊನ್ನೆ ಮುಟ್ಟಿರುತ್ತೆ. ಎಲೆಯೊಳಗಿನ ನೀರು ಗಟ್ಟಿಯಾಗಿ ಜೀವಕೋಶ ಒಡೆಯುತ್ತೆ. ಬಿಸಿಲು ಬಂದು ಕರಗಿದಾಗ ಎಲೆ ಕುಸಿಯುತ್ತೆ. ಇದಕ್ಕೆ ಕನ್ನಡದಲ್ಲಿ ಏನನ್ನೋದು? ನಮ್ಮಲ್ಲಿ ಇಬ್ಬನಿ ಇದೆ, ಕಾವಳ ಇದೆ, ಮಂಜು ಇದೆ. ಇಬ್ಬನಿ ಗಟ್ಟಿಯಾಗಿ ಗಿಡವನ್ನೇ ಕೊಲ್ಲುವುದನ್ನು ನಮ್ಮಪ್ಪ, ತಾತ ಕಂಡೇ ಇಲ್ಲ. ಕಾಣದ್ದಕ್ಕೆ ಹೆಸರು ಯಾಕೆ ಇಡ್ತಾರೆ? ಅದಕ್ಕೇ ನಾನೂ ಫ್ರಾಸ್ಟ್ ಅಂತಲೇ ಬರೀತೀನಿ.

ಅಲ್ಲಿಯವರ ಲೆಕ್ಕ ಮಾತ್ರ ನನಗೆ ತುಂಬಾ ಹಿಡಿಸಿತು. ಪ್ರತಿ ಊರಿಗೂ ಕೊನೆಯ ಫ್ರಾಸ್ಟ್ ತಾರೀಕು ಅಂತ ಒಂದಿದೆ. ಚಳಿಗಾಲ ಶುರುವಾಗುವ ಮೊದಲ ಫ್ರಾಸ್ಟ್ ತಾರೀಕೂ ಇದೆ. ಹಳೆಯ ವರ್ಷಗಳ ದಾಖಲೆ ನೋಡಿ ತೆಗೆದದ್ದು. ನಾನು ಅದನ್ನು ಗೆರೆ ಎಳೆದ ಹಾಗೆ ಅಂದುಕೊಂಡಿದ್ದೆ. ಅಲ್ಲ. ಸಾಮಾನ್ಯವಾಗಿ ಕೊಡುವ ತಾರೀಕಿನ ಅರ್ಥ, ಎರಡು ವರ್ಷದಲ್ಲಿ ಒಂದು ವರ್ಷ ಅದಾದ ಮೇಲೂ ಫ್ರಾಸ್ಟ್ ಬರಬಹುದು ಅಂತ! ಜೋಪಾನ ಇರುವವರು ಹತ್ತರಲ್ಲಿ ಒಂದೇ ವರ್ಷ ಬರಬಹುದಾದ ಇನ್ನೊಂದು ತಾರೀಕು ಹಿಡಿಯುತ್ತಾರೆ. ಆ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಟೊಮೇಟೊ ಬೀಜ ಮನೆಯೊಳಗೆ ಆರರಿಂದ ಎಂಟು ವಾರ ಮುಂಚೆ. ಬಟಾಣಿ, ಪಾಲಕ್, ಮೂಲಂಗಿಗೆ ಸ್ವಲ್ಪ ಫ್ರಾಸ್ಟ್ ಏನೂ ಮಾಡೋಲ್ಲ, ಅವನ್ನು ನಾಲ್ಕು ವಾರ ಮುಂಚೆಯೇ ನೇರ ನೆಲಕ್ಕೆ. ಬೇಸಿಲ್ ಮಾತ್ರ ಬಲೇ ನಾಜೂಕು, ನಮ್ಮ ತುಳಸಿಯ ಚಿಕ್ಕಮ್ಮನ ಮಗಳು. ಫ್ರಾಸ್ಟ್ ಬರದಿದ್ದರೂ ಬರೀ ಚಳಿಗೇ ಕಪ್ಪಗಾಗುತ್ತೆ. ಅದಕ್ಕೆ ತಾರೀಕು ಕಳೆದ ಮೇಲೂ ಒಂದೆರಡು ವಾರ ತಡೀಬೇಕು. ಹೊರಗೆ ನೆಡುವ ಮುಂಚೆ ಒಂದು ವಾರ ಸಸಿಗಳನ್ನು ದಿನಾ ಸ್ವಲ್ಪ ಹೊತ್ತು ಹೊರಗಿಟ್ಟು ಒಳಗೆ ತರಬೇಕು. ಎಳೆ ಮಗುವಿಗೆ ಬಿಸಿಲು ಕಾಯಿಸಿದ ಹಾಗೆ. ಆ ಮೇನಲ್ಲಿ ನಾನು ಎರಡನ್ನೂ ಒಟ್ಟೊಟ್ಟಿಗೇ ಮಾಡಿದೆ.

ಊರಿಗೆ ವಾಪಸ್ ಬಂದಾಗ ಪೆಟ್ಟಿಗೆಯಲ್ಲಿ ಬೀಜದ ಪೊಟ್ಟಣ ಬರಲಿಲ್ಲ. ಈ ಲೆಕ್ಕ ತಲೆಯಲ್ಲಿ ಬಂತು.

ಇಲ್ಲಿ ಆನ್‌ಲೈನಲ್ಲಿ ತರಿಸುವ ಬೀಜದ ಪೊಟ್ಟಣದ ಹಿಂದೆಯೂ ಕೆಲವೊಮ್ಮೆ ‘ಕೊನೆಯ ಫ್ರಾಸ್ಟ್ ಆದ ಮೇಲೆ ಬಿತ್ತಿ’ ಅಂತ ಅಚ್ಚಾಗಿರುತ್ತೆ. ನಮ್ಮ ಯಜಮಾನರು ಓದಿ, ‘ಹಾಗಾದ್ರೆ ಕಾಯ್ತಾ ಇರು’ ಅಂತಾರೆ. ಬೆಂಗಳೂರಿನ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ 1884ರ ಜನವರಿ 13ರಂದು. ಪ್ರತಿ ಜನವರಿ ಪೇಪರಿನವರು ಅದನ್ನು ಒಮ್ಮೆ ನೆನೆಸಿಕೊಳ್ಳುತ್ತಾರೆ. ಫ್ರಾಸ್ಟ್ ಇಲ್ಲಿ ಲೆಕ್ಕಕ್ಕೇ ಇಲ್ಲ. ನಾವು ಮಂಕಿ ಕ್ಯಾಪ್ ಹಾಕಿಕೊಂಡು ಓಡಾಡೋದು ಬೇರೆ ಮಾತು.

ಹಾಗಂತ ಇಲ್ಲಿ ವರ್ಷಪೂರ್ತಿ ಏನು ಬೇಕಾದರೂ ಬೆಳೆಯುತ್ತೆ ಅನ್ನೋರನ್ನ ನಾನು ನಂಬೋಲ್ಲ. ಇಪ್ಪತ್ತು ಅಡಿಗೆ ಮೂವತ್ತು ಅಡಿ ತಾರಸಿಯಲ್ಲಿ ಹದಿನೈದು ವರ್ಷ ಗ್ರೋ ಬ್ಯಾಗ್ ಹೊತ್ತಿದ್ದೀನಿ. ನಮ್ಮ ಗಿಡಗಳನ್ನು ಕೊಲ್ಲೋದಕ್ಕೆ ಬೇರೆಯವರಿದ್ದಾರೆ, ಅಷ್ಟೆ. ಅವರ ತಾರೀಕು ಹುಡುಕಬೇಕಿತ್ತು.

ಮೊದಲನೆಯವನು ಬಿಸಿಲು. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತೆ ಅನ್ನೋ ಮಾತನ್ನೇ ನಾನು ತಾರೀಕು ಮಾಡಿಕೊಂಡೆ. ಆಮೇಲೆ ಹಾಕಿದ ಕೊತ್ತಂಬರಿ ನಾಲ್ಕು ಎಲೆ ಬಿಟ್ಟು ದಂಟು ಎತ್ತಿ ಹೂವಾಗುತ್ತೆ. ಟೊಮೇಟೊ ಹೂವು ಉದುರುತ್ತೆ. ಗಿಡ ಸೊಂಪಾಗಿರುತ್ತೆ, ಕಾಯಿ ಮಾತ್ರ ಕಚ್ಚೋಲ್ಲ. ಅದಕ್ಕೆ ಶಿವರಾತ್ರಿಯಿಂದ ಹಿಂದಕ್ಕೆ ಎಣಿಸುತ್ತೀನಿ. ಕೊತ್ತಂಬರಿಗೆ ನಲವತ್ತು ದಿನ ಬೇಕು, ಹಾಗಾಗಿ ಸಂಕ್ರಾಂತಿಯ ಆಸುಪಾಸಿನಲ್ಲಿ ಕೊನೆಯ ಸಲ. ಬೀಜವನ್ನು ಲಟ್ಟಣಿಗೆಯಲ್ಲಿ ಮೆತ್ತಗೆ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಹಾಕಿ. ಮೆಂತ್ಯಕ್ಕೆ ಈ ಸೇವೆ ಬೇಡ. ಸಾಸಿವೆ ಡಬ್ಬಿ ಪಕ್ಕದ ಡಬ್ಬಿಯಿಂದ ಒಂದು ಹಿಡಿ ಚೆಲ್ಲಿದರೆ ಮೂರು ನಾಲ್ಕು ದಿನಕ್ಕೆ ಮೊಳಕೆ.

ಟೊಮೇಟೊಗೆ ಒಂದು ತಿಂಗಳು ಟ್ರೇನಲ್ಲಿ, ನೆಟ್ಟ ಮೇಲೆ ಎರಡೂವರೆ ತಿಂಗಳು. ಫೆಬ್ರವರಿಯೊಳಗೆ ತಿನ್ನಬೇಕು ಅಂದರೆ ಅಕ್ಟೋಬರ್ ಮೊದಲ ವಾರ, ಅಂದರೆ ನವರಾತ್ರಿ ಹೊತ್ತಿಗೆ ಬೀಜ ಬೀಳಬೇಕು. ಲೆಕ್ಕ ಸರಿ ಬಂತಲ್ಲ ಅಂತ ಖುಷಿಪಟ್ಟೆ.

ಎರಡನೆಯವನನ್ನು ಮರೆತಿದ್ದೆ. ಮಳೆ. ಕರಾವಳಿಯವರಿಗೆ ಜೂನ್, ಜುಲೈ ಮಳೆ. ನಮಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಲ್ಲಿ. ಸೆಪ್ಟೆಂಬರ್ ಒಂದರಲ್ಲೇ ಸರಾಸರಿ 200 ಮಿಲಿಮೀಟರ್ ದಾಟುತ್ತೆ. ನಾನು ಗೊಂಬೆ ಜೋಡಿಸುವ ಗಡಿಬಿಡಿಯಲ್ಲಿ ಟ್ರೇಗಳನ್ನು ತಾರಸಿಯಲ್ಲೇ ಬಿಟ್ಟಿದ್ದೆ. ಹಸ್ತ ಮಳೆ ಮೂರು ರಾತ್ರಿ ಹೊಡೆಯಿತು. ಸಸಿಗಳೆಲ್ಲ ಬುಡದ ಹತ್ತಿರ ದಾರದ ಹಾಗೆ ಸಣ್ಣಗಾಗಿ ಮಲಗಿಬಿಟ್ಟವು. ಮಿನಿಯಾಪೊಲಿಸ್‌ನಲ್ಲಿ ಹನ್ನೆರಡು ಹೋಗಿದ್ದವು, ಇಲ್ಲಿ ಮೂವತ್ತು. ಈಗ ಟ್ರೇ ಮೆಟ್ಟಿಲ ಕೆಳಗೆ, ಬೆಳಕು ಬರುವ ಕಡೆ. ಬೀಜ ಹಾಕುವ ದಿನ ಬದಲಿಸಿಲ್ಲ, ಹೊರಗೆ ನೆಡುವ ದಿನ ಬದಲಿಸಿದ್ದೀನಿ. ಚಿತ್ತಾ ಮಳೆ ಮುಗೀಲಿ, ದೀಪಾವಳಿ ಆಗಲಿ. ಎಷ್ಟೇ ತಡವಾದರೂ ಬಸವನಗುಡಿಯ ಕಡಲೆಕಾಯಿ ಪರಿಷೆಯೊಳಗೆ ನೆಟ್ಟು ಮುಗಿಸಬೇಕು. ಪರಿಷೆ ಕಾರ್ತಿಕದ ಕೊನೆಯ ಸೋಮವಾರ, ಅಷ್ಟು ಹೊತ್ತಿಗೆ ನಮ್ಮಲ್ಲಿ ಮಳೆ ಹೆಚ್ಚುಕಡಿಮೆ ಹಿಂದೆ ಸರಿದಿರುತ್ತೆ. ಮುಂಚೆ ನೆಟ್ಟರೆ ಅಂಗಮಾರಿ ಬಂದು ಎಲೆ ಸುಟ್ಟ ಹಾಗಾಗುತ್ತೆ. ತಳಿ ಕೇಳೋದಾದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ನನಗೆ ಒಗ್ಗಿದೆ. ಎಲೆ ಮುದುಡು ರೋಗ, ಸೊರಗು ರೋಗ ಎರಡನ್ನೂ ತಡೆಯುತ್ತೆ. ಸಾರಿಗೆ ಹುಳಿ ಸಾಲದು ಅನ್ನೋದು ನಮ್ಮ ಯಜಮಾನರ ತಕರಾರು. ಇರಲಿ.

ಬೇಸಿಗೆ ಮಳೆ ಬೇರೆ ಕಥೆ. ನಮ್ಮಪ್ಪ ಮಾಗಡಿ ಕಡೆಯವರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಿದ್ದರು. ಏಪ್ರಿಲ್ ಕೊನೆಯಿಂದ ಮೇ ಹತ್ತರ ತನಕ ಭರಣಿ. ಆಗ ಹೀರೆ, ಪಡವಲ, ಬೆಂಡೆ, ಅಲಸಂದೆ. ಇವಕ್ಕೆ ಶಾಖ ಬೇಕು, ಸೊಪ್ಪಿನ ಹಾಗೆ ನಖರಾ ಇಲ್ಲ. ನೀರಿಗೆ ಮಾತ್ರ ಬೇರೆ ದಾರಿ ನೋಡಿಕೊಳ್ಳಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಹಾಕಿದರೆ 5000 ರೂಪಾಯಿ ದಂಡ ಅಂದಿತ್ತು. ಅವತ್ತಿಂದ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಬಕೆಟಲ್ಲಿ ತಾರಸಿಗೆ ಹತ್ತುತ್ತೆ. ನನ್ನ ಮೊಣಕಾಲಿಗೆ ಗೊತ್ತು.

ಮೂರನೆಯದು ನೆರಳು. ಅದರ ತಾರೀಕು ಯಾವ ಪುಸ್ತಕದಲ್ಲೂ ಸಿಗೋಲ್ಲ. ನಮ್ಮ ಮನೆಯ ದಕ್ಷಿಣಕ್ಕೆ ಮೊದಲು ಹೆಂಚಿನ ಮನೆ ಇತ್ತು. ಅದನ್ನು ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದರು. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಕಂಬಕ್ಕೂ ನೆರಳಿಲ್ಲ. ಆಗ ಪಕ್ಕದ ಕಟ್ಟಡದಿಂದ ನನಗೆ ತೊಂದರೆ ಏನೂ ಇಲ್ಲ. ನವೆಂಬರ್ ಬಂತೋ, ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಆ ಗೋಡೆಯ ನೆರಳು ನನ್ನ ಅರ್ಧ ತಾರಸಿ ನುಂಗುತ್ತೆ. ರಥಸಪ್ತಮಿವರೆಗೂ ಹಾಗೇ. ಚಳಿಗಾಲದ ಟೊಮೇಟೊಗೆ ಬೆಂಗಳೂರಿಗಿಂತ ಒಳ್ಳೆ ಹವೆ ಇಲ್ಲ ಅಂತ ಎಲ್ಲ ಹೇಳುತ್ತಾರೆ. ನನ್ನ ದಕ್ಷಿಣದ ಮೂಲೆಗೆ ಅದು ಗೊತ್ತಿಲ್ಲ. ಒಂದು ವರ್ಷ ಸೀಮೆಸುಣ್ಣ ಹಿಡಿದು ವಾರಕ್ಕೊಮ್ಮೆ ಬೆಳಗ್ಗೆ ಹತ್ತಕ್ಕೆ ನೆರಳಿನ ಅಂಚು ಗುರುತು ಮಾಡಿದೆ. ಕೆಲಸದವಳು ರಂಗೋಲಿ ಅಂದುಕೊಂಡು ಸುತ್ತಿಕೊಂಡು ಹೋಗುತ್ತಿದ್ದಳು. ಈಗ ನವೆಂಬರಲ್ಲಿ ಆ ಕಡೆ ಪಾಲಕ್, ಪುದೀನ, ದಂಟು ಇಡುತ್ತೀನಿ. ಟೊಮೇಟೊ, ಕ್ಯಾರೆಟ್ ಎಲ್ಲ ಉತ್ತರದ ಗೋಡೆ ಹತ್ತಿರ. ನೀವು ಏನೂ ಮಾಡದಿದ್ದರೂ ಇದೊಂದು ಮಾಡಿ, ದುಡ್ಡು ಖರ್ಚಿಲ್ಲ.

ಇನ್ನು ಅವರೆ. ಇದನ್ನು ಹೇಳದೆ ಮುಗಿಸೋಕೆ ಆಗೋಲ್ಲ.

ಆ ಜೂನ್‌ನಲ್ಲಿ ಮಗಳ ಹಿತ್ತಲ ಬೇಲಿ ಉದ್ದಕ್ಕೂ, ಇಂಡಿಯನ್ ಅಂಗಡಿಯಿಂದ ತಂದ ಒಣ ಅವರೆಕಾಳು ಹಾಕಿದ್ದೆ. ಬಳ್ಳಿ ಹಬ್ಬಿದ್ದು ನೋಡಬೇಕಿತ್ತು! ಪಕ್ಕದ ಮನೆ ಅಜ್ಜಿಯೂ ಬಂದು ನೋಡಿ ಹೋದರು. ಆಗಸ್ಟ್ ಕೊನೆಗೆ ನಾನು ಹೊರಡುವಾಗಲೂ ಒಂದು ಮೊಗ್ಗಿಲ್ಲ. ಸೆಪ್ಟೆಂಬರ್ ಕೊನೆಗೆ ಮಗಳು ವಿಡಿಯೊ ಕಾಲ್ ಮಾಡಿ, ‘ಅಮ್ಮಾ, ಹೂ ಬಂತು’ ಅಂದಳು. ಅಕ್ಟೋಬರ್ ಮೊದಲ ವಾರ ಮತ್ತೆ ಕಾಲ್. ಬೇಲಿ ಮೇಲೆ ಕರೀ ಹಗ್ಗ ಒಣಗಿಸಿದ ಹಾಗಿತ್ತು.

ಆ ನವೆಂಬರ್ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಹೋದಾಗ ಮಳಿಗೆಯಲ್ಲಿದ್ದ ಒಬ್ಬ ಹುಡುಗನನ್ನು ಕೇಳಿದೆ. ಅವನು ನಕ್ಕ. ‘ಆಂಟಿ, ನಾಟಿ ಅವರೆಗೆ ಚಳಿ ಅಲ್ಲ, ಕತ್ತಲೆ ಬೇಕು’ ಅಂದ. ಹಗಲು ಮೊಟಕಾಗುವವರೆಗೂ ಅದು ಹೂ ಬಿಡೋಲ್ಲವಂತೆ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ. ಅಷ್ಟನ್ನೇ ಅವರೆ ಗುರುತು ಹಿಡಿದು ಮಾಗಿ ಚಳಿಗೆ ಸರಿಯಾಗಿ ಕಾಯಿ ಕೊಡುತ್ತೆ. ಆಷಾಢದಲ್ಲಿ ಹಾಕಿದರೂ ಸಂಕ್ರಾಂತಿಗೇ ಹಿತಕಿದ ಬೇಳೆ. ಮಿನಿಯಾಪೊಲಿಸ್‌ನಲ್ಲಿ ಜೂನ್‌ನ ಹಗಲು ಹದಿನೈದೂವರೆ ಗಂಟೆ. ಕತ್ತಲೆ ಸಾಕಷ್ಟು ಸಿಗುವ ಹೊತ್ತಿಗೆ ಫ್ರಾಸ್ಟ್ ಬಾಗಿಲಲ್ಲಿ ನಿಂತಿರುತ್ತೆ. ಅದೇ ವಿಶ್ವವಿದ್ಯಾಲಯದ ಹೆಬ್ಬಾಳದವರು ಮಾಡಿದ ಎಚ್‌ಎ-3, ಎಚ್‌ಎ-4 (ಹೆಬ್ಬಾಳ ಅವರೆ) ತಳಿಗಳಿಗೆ ಈ ಹಟ ಇಲ್ಲ, ಯಾವ ತಿಂಗಳು ಹಾಕಿದರೂ ಹೂ ಬಿಡುತ್ತವೆ. ಅದರ ಬೀಜ ಮಗಳಿಗೆ ಕಳಿಸೋಣ ಅಂದರೆ ಕಸ್ಟಮ್ಸ್ ಗಲಾಟೆ.

ಹುಡುಗ ಇನ್ನೊಂದು ಉಪಾಯ ಹೇಳಿದ. ಅದನ್ನು ಮಗಳಿಗೆ ದಾಟಿಸಿದೆ. ಹೋದ ವರ್ಷ ಅವಳು ಎರಡು ದೊಡ್ಡ ಕುಂಡದಲ್ಲಿ ಅವರೆ ಹಾಕಿದಳು. ಬಳ್ಳಿಯನ್ನು ಚಿವುಟಿ ಗಿಡ್ಡಗೇ ಇಟ್ಟಳು. ಜುಲೈ ಕೊನೆಯಿಂದ ದಿನಾ ಸಂಜೆ ಆರಕ್ಕೆ ಫ್ರಿಜ್ಜಿನ ರಟ್ಟಿನ ಡಬ್ಬ ಮೇಲೆ ಕವುಚೋದು, ಬೆಳಗ್ಗೆ ಏಳಕ್ಕೆ ತೆಗೆಯೋದು. ಅಳಿಯಂದಿರಿಗೆ ಇದೇ ಕೆಲಸ. ಹಿಂದೆ ಮುಂದೆ ಮೊಮ್ಮಗಳು. ಆಗಸ್ಟ್ ಕೊನೆಗೆ ಹೂ ಬಂತು. ಫ್ರಾಸ್ಟ್ ಬರುವ ಮುಂಚೆ ಒಂದು ಹೊತ್ತಿನ ಸಾರಿಗಾಗುವಷ್ಟು ಕಾಯಿ ಬಿಡಿಸಿದಳು. ಸಾರು ಚೆನ್ನಾಗಿತ್ತಂತೆ. ಸೊಗಡು ಮಾತ್ರ ಇರಲಿಲ್ಲವಂತೆ.