ಸಿಗಡಿ ಯಾವ ಊರಿನದು?

ನಮ್ಮ ಖಾನಾವಳಿಯ ಬೋರ್ಡ್ ಮೇಲೆ ಸಿಗಡಿಗೆ ಎರಡು ಸಾಲು ಇರುತ್ತವೆ. ಒಂದು, ಕುಮಟಾ ಗಜನಿ ಸಿಗಡಿ. ಇನ್ನೊಂದು, ಆಂಧ್ರದ ಹೊಂಡದ ಸಿಗಡಿ. ದರ ಬೇರೆ ಬೇರೆ. ಹೊಸದಾಗಿ ಬಂದವರು ಕೇಳಿಯೇ ಕೇಳುತ್ತಾರೆ. "ಏನ್ರೀ ಅಕ್ಕಾರ, ಎರಡೂ ಸಿಗಡೀನ ಅಲ್ಲೇನ್ರೀ? ಇದಕ್ಕೊಂದು ರೇಟು, ಅದಕ್ಕೊಂದು ರೇಟು ಯಾಕ?" ಊಟದ ಹೊತ್ತಿನಲ್ಲಿ ಒಲೆ ಬಿಟ್ಟು ಬಂದು ಇದನ್ನೆಲ್ಲ ಹೇಳುತ್ತಾ ನಿಲ್ಲೋಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಕುಮಟಾ ತಾಲೂಕು, ಅಘನಾಶಿನಿ ನದಿಯ ದಂಡೆ. ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ಕೇಶ್ವಾಪುರದ ಕಡೆ ನಾನೂ ನಮ್ಮ ಮನೆಯವರೂ ಸೇರಿ ಈ ಖಾನಾವಳಿ ನಡೆಸುತ್ತೇವೆ. ರೈಲ್ವೆಯವರು ಜಾಸ್ತಿ ಬರುತ್ತಾರೆ. ಭಾನುವಾರ ವಿದ್ಯಾನಗರದಿಂದ ಕಾಲೇಜು ಹುಡುಗರೂ ಬರುತ್ತಾರೆ. ನಮ್ಮ ಮೀನು ಅಂಕೋಲಾ, ಕುಮಟಾ ಕಡೆಯಿಂದ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಬರುತ್ತದೆ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ನಾನು ಮದುವೆಯಾಗಿ ಬಂದಾಗಲೂ ಇತ್ತು, ಈಗಲೂ ಇದೆ. ಅಲ್ಲಿಯವರೆಗೆ ಟೆಂಪೋನೇ ಗತಿ. ಘಟ್ಟದಲ್ಲಿ ಲಾರಿ ಅಡ್ಡ ಬಿದ್ದರೆ ಆ ದಿನ ಮಧ್ಯಾಹ್ನ ಮೀನಿನ ಸಾರಿಲ್ಲ.

ಗಜನಿ ಅಂದರೆ ಬಯಲುಸೀಮೆಯವರಿಗೆ ಗೊತ್ತಾಗುವುದು ಕಷ್ಟ. ನದಿ ಸಮುದ್ರ ಸೇರುವ ಕಡೆ, ಉಪ್ಪುನೀರು ಏರಿ ಇಳಿಯುವ ತಗ್ಗು ಗದ್ದೆಗಳು. ಮಳೆಗಾಲದಲ್ಲಿ ಮಳೆನೀರು ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಆಗ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪಿಗೂ ಬಗ್ಗದ, ನಾಲ್ಕು ದಿನ ನೀರಲ್ಲಿ ಮುಳುಗಿದರೂ ಸಾಯದ ಭತ್ತ ಅದು. ಗೊಬ್ಬರ ಬೇಡ, ಔಷಧಿ ಬೇಡ. ಮಾಣಿಕಟ್ಟಾದಲ್ಲಿ ಈಗಲೂ ಅದನ್ನು ಬೆಳೆಯುವವರಿದ್ದಾರೆ. ಕೊಯ್ಲಾದ ಮೇಲೆ ಉಬ್ಬರದ ನೀರನ್ನು ಗದ್ದೆಗೆ ಬಿಡುತ್ತಾರೆ. ನೀರಿನ ಜೊತೆ ಸಿಗಡಿ ಮರಿಗಳೂ ಒಳಗೆ ಬರುತ್ತವೆ. ಯಾರೂ ಅವುಗಳಿಗೆ ಆಹಾರ ಹಾಕುವುದಿಲ್ಲ. ಭತ್ತದ ಕೂಳೆ ಕೊಳೆತು ಅದರಲ್ಲಿ ಹುಟ್ಟುವ ಹುಳುಹುಪ್ಪಟೆ ತಿಂದೇ ಬೆಳೆಯುತ್ತವೆ.

ಹಿಡಿಯುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ. ಆಗ ಉಬ್ಬರ ಇಳಿತ ಎರಡೂ ಜೋರು. ರಾತ್ರಿ ಇಳಿತ ಶುರುವಾದಾಗ ನಮ್ಮಣ್ಣ ಕಟ್ಟೆಯ ಹಲಗೆಬಾಗಿಲು ಎತ್ತಿ, ಅದರ ಬಾಯಿಗೆ ಉದ್ದ ಚೀಲದಂಥ ಬಲೆ ಕಟ್ಟುತ್ತಾನೆ. ನೀರು ದಬದಬ ಹೊರಗೆ ಓಡುತ್ತದೆ. ಸೊಂಟದ ತನಕ ನೀರಲ್ಲಿ ನಿಂತು ಮಧ್ಯೆ ಮಧ್ಯೆ ಬಲೆಯ ಬಾಲ ಬಿಚ್ಚಿ ಬುಟ್ಟಿಗೆ ಸುರಿಯಬೇಕು. ಟಾರ್ಚ್ ಬಿಟ್ಟರೆ ಸಿಗಡಿ ಕಣ್ಣು ಕೆಂಪಗೆ ಮಿನುಗುತ್ತವೆ. ಕಪ್ಪು ಪಟ್ಟೆಯ ದೊಡ್ಡವು, ಬಿಳಿಯವು, ಬೆರಳಿಗಿಂತ ಸಣ್ಣವು, ನಡುವೆ ಏಡಿ, ಕಸ, ಎಲೆ. ಬೆಳಗಿನ ಜಾವ ಅತ್ತಿಗೆ, ಅಕ್ಕಪಕ್ಕದ ಹೆಂಗಸರು ಕೂತು ಆರಿಸುತ್ತಾರೆ. ಏಡಿ ಕೈಗೆ ಕಚ್ಚುತ್ತದೆ, ಸಿಗಡಿಯ ಮೂಗಿನ ಮುಳ್ಳು ಚುಚ್ಚುತ್ತದೆ. ಚಟ್ಲಿ (ನಮ್ಮ ಕಡೆ ಸಿಗಡಿಗೆ ಹೀಗೇ ಅನ್ನುತ್ತಾರೆ) ಆರಿಸಿದ ಕೈ ಅಂತ ನೋಡಿದರೇ ಗೊತ್ತಾಗುತ್ತದೆ. ಆಮೇಲೆ ಐಸ್, ಪೆಟ್ಟಿಗೆ, ಟೆಂಪೋ.

ಇಷ್ಟೆಲ್ಲ ಆಗಿ ಎಷ್ಟು ಸಿಗುತ್ತದೆ ಅಂತ ಯಾರೂ ಮೊದಲೇ ಹೇಳಲಾರರು. "ತಂಗಿ, ಈ ಸಲ ನೀರು ಸರಿ ಏರ್ಲೇ ಇಲ್ಲ, ಎಂತ ಮಾಡೂದು" ಅಂತ ಅಣ್ಣ ಫೋನ್ ಮಾಡಿದರೆ ಮುಗಿಯಿತು. ಆಂಧ್ರದ ಮಾಲು ತರುವವರಿಗೆ ಆ ತೊಂದರೆ ಇಲ್ಲ. ಯಾವ ಕೌಂಟ್ ಬೇಕು, ಎಷ್ಟು ಕಿಲೋ ಬೇಕು ಹೇಳಿ, ನಾಳೆ ಬೆಳಿಗ್ಗೆ ಬಾಗಿಲಿಗೆ. ಕೌಂಟ್ ಅಂದರೆ ಕಿಲೋಗೆ ಎಷ್ಟು ಸಿಗಡಿ ಅನ್ನುವ ಲೆಕ್ಕ. 30 ಕೌಂಟ್ ದೊಡ್ಡದು, 100 ಕೌಂಟ್ ಸಣ್ಣದು. ಅದೂ ಅಣ್ಣನ ದರಕ್ಕಿಂತ ಕಿಲೋಗೆ 150–200 ರೂಪಾಯಿ ಕಡಿಮೆ.

ಅಷ್ಟು ಅಗ್ಗ ಯಾಕೆ? ಅದು ವನ್ನಾಮಿ ಜಾತಿಯ ಸಿಗಡಿ. ಅದರ ಮೂಲ ಅಮೆರಿಕ ಖಂಡದ ಪೆಸಿಫಿಕ್ ಕರಾವಳಿ. ನಮ್ಮ ದೇಶದಲ್ಲಿ ಅದನ್ನು ಸಾಕಲು ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ. ಅದಕ್ಕೂ ಮೊದಲು ಎಲ್ಲರೂ ಟೈಗರ್ ಸಿಗಡಿ ಸಾಕುತ್ತಿದ್ದರು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಹೊಂಡಕ್ಕೆ ಹೊಂಡವೇ ಸತ್ತವು. ನಮ್ಮ ಗಜನಿಗಳಿಗೂ ಆಗ ಗುತ್ತಿಗೆಯವರು ಬಂದಿದ್ದರು. ರೋಗ ಬಂದಾಗ ಕೈಬಿಟ್ಟು ಹೋದರು. ಒಡೆದ ಕಟ್ಟೆ ಕಟ್ಟುವ ಕೆಲಸ ಊರವರ ತಲೆಗೆ ಬಂತು. ವನ್ನಾಮಿ ಒತ್ತೊತ್ತಾಗಿ ಬಿಟ್ಟರೂ ಬೆಳೆಯುತ್ತದೆ. ಮೂರು ನಾಲ್ಕು ತಿಂಗಳಿಗೆ ಮಾಲು ತಯಾರು. ರಾತ್ರಿಯಿಡೀ ನೀರಿಗೆ ಗಾಳಿ ತುಂಬುವ ಯಂತ್ರ ತಿರುಗುತ್ತಿರುತ್ತದೆ, ಹೊತ್ತು ಹೊತ್ತಿಗೆ ಆಹಾರ ಬೀಳುತ್ತದೆ. ಅಷ್ಟು ದೊಡ್ಡ ಲೆಕ್ಕದಲ್ಲಿ ಬೆಳೆದ ಮಾಲಿನ ಜೊತೆ ಬಲೆ ಕಟ್ಟಿ ಕೂತ ಒಬ್ಬ ಮನುಷ್ಯ ದರದಲ್ಲಿ ಸೆಣಸೋಕೆ ಆಗುತ್ತಾ?

ಹಾಗಂತ ಆಂಧ್ರದವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮಲ್ಲಿ ದಿನಾ ಊಟ ಮಾಡುವ ರೈಲ್ವೆಯ ಒಬ್ಬರು ಭೀಮಾವರಂ ಕಡೆಯವರು. ಅವರ ಚಿಕ್ಕಪ್ಪನದು ಸಿಗಡಿ ಹೊಂಡವೇ. ಸಿಗಡಿಗೆ ಹಾಕುವ ಆಹಾರವನ್ನು ಸಾಲ ಮಾಡಿ ತರಬೇಕು, ಕರೆಂಟ್ ಬಿಲ್ಲು ಬೇರೆ. ಆಗ ಬೇರೆಲ್ಲ ದೇಶಗಳಿಗಿಂತ ಜಾಸ್ತಿ ಮಾಲು ಹೋಗುತ್ತಿದ್ದುದು ಅಮೆರಿಕಕ್ಕೆ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಸುಂಕದ ಮಾತು ಎತ್ತಿದ್ದೇ ತಡ, ಇಲ್ಲಿ ವ್ಯಾಪಾರಸ್ಥರು ರೈತರಿಗೆ ಕೊಡುವ ದರ ಇಳಿಸಿಬಿಟ್ಟರು. ಆಂಧ್ರದ ಮುಖ್ಯಮಂತ್ರಿ ಕೇಂದ್ರಕ್ಕೆ ಪತ್ರ ಬರೆಯಬೇಕಾಯಿತು. ಆಗಸ್ಟ್‌ನಲ್ಲಿ ಸುಂಕ 50 ಪರ್ಸೆಂಟ್ ಆಯಿತು. ಆ ದಿನಗಳಲ್ಲಿ ಈ ರೈಲ್ವೆಯವರು ತಾಟಿನ ಮುಂದೆ ಕೂತು ಫೋನಲ್ಲಿ ದರ ಕೇಳುತ್ತಿದ್ದರು, ಅನ್ನ ಹಾಗೇ ಆರುತ್ತಿತ್ತು. "ಅಕ್ಕಾ, ಹೊಂಡ ಖಾಲಿ ಮಾಡಿದರೂ ಲಾಸು, ಬಿಟ್ಟರೂ ಲಾಸು" ಅಂದರು. ಅವರಿಗೆ ನಾನು ಏನು ಹೇಳಲಿ? ನಮ್ಮಣ್ಣನ ಗೋಳೂ ಅದೇ.

ಈ ವಿಷಯ ಓದುತ್ತಾ ಹೋದಾಗ ಸಮುದ್ರದ ಆಚೆಯ ದಂಡೆಯ ಕತೆಯೂ ಗೊತ್ತಾಯಿತು. ಅಮೆರಿಕದಲ್ಲಿ ತಿನ್ನುವ ಸಿಗಡಿಯಲ್ಲಿ 90 ಪರ್ಸೆಂಟ್‌ಗಿಂತ ಜಾಸ್ತಿ ಹೊರಗಿನದು. ಅದರಲ್ಲಿ ಎಲ್ಲರಿಗಿಂತ ಜಾಸ್ತಿ ಕಳಿಸುತ್ತಾ ಬಂದಿದ್ದು ನಮ್ಮ ಭಾರತ. ಅಲ್ಲಿ ಲೂಸಿಯಾನ, ಟೆಕ್ಸಾಸ್ ಕಡೆ ತಲೆತಲಾಂತರದಿಂದ ದೋಣಿಯಲ್ಲಿ ಸಿಗಡಿ ಹಿಡಿಯುವ ಮನೆತನಗಳಿವೆ. ಡೀಸೆಲ್ ದರ, ಐಸ್ ದರ ಏರುತ್ತಲೇ ಇದೆ, ಸಿಗಡಿಗೆ ಸಿಗುವ ದರ ಮಾತ್ರ 1980ರ ದಶಕದ ಹತ್ತಿರವೇ ಸುತ್ತುತ್ತಿದೆ ಅಂತ ಅವರು ಹೇಳುತ್ತಾರೆ. 2005ರಿಂದಲೇ ಅಲ್ಲಿಯ ಸರ್ಕಾರ ಭಾರತ ಸೇರಿ ಹಲವು ದೇಶಗಳ ಸಿಗಡಿಗೆ ಅಗ್ಗದ ಮಾಲು ಸುರಿಯುತ್ತೀರಿ ಅಂತ ಹೆಚ್ಚಿನ ಸುಂಕ ಹಾಕುತ್ತಾ ಬಂದಿದೆ. ನಮ್ಮ ಅಣ್ಣನಿಗೆ ಆಂಧ್ರದ ಮಾಲು ಹೇಗೋ, ಆ ದೋಣಿಯವರಿಗೆ ಅದೇ ಆಂಧ್ರದ ಮಾಲು ಹಾಗೇ. ಇದನ್ನು ತಿಳಿದ ದಿನ ನನಗೆ ಆ ಮುಖ ಕಾಣದ ಜನರ ಮೇಲೆ ಕನಿಕರ ಬಂತು.

ನಮ್ಮ ಕಡಲಿನವರಿಗೆ ಇನ್ನೊಂದು ಪೆಟ್ಟೂ ಬಿದ್ದಿದೆ. ಬೋಟು ಎಳೆದುಕೊಂಡು ಹೋಗುವ ಟ್ರಾಲ್ ಬಲೆಗೆ ಸಿಕ್ಕ ಕಡಲಾಮೆ ತಪ್ಪಿಸಿಕೊಂಡು ಹೋಗಲು ಒಂದು ಕಂಬಿಯ ಚೌಕಟ್ಟು ಹಾಕಬೇಕು ಅಂತ ಅಮೆರಿಕದ ಕಾನೂನು. ನಮ್ಮ ಬೋಟುಗಳಲ್ಲಿ ಅದಿಲ್ಲ ಅಂತ 2019ರಿಂದ ಭಾರತದ ಕಡಲಲ್ಲಿ ಹಿಡಿದ ಸಿಗಡಿಯನ್ನು ಅವರು ತಗೊಳ್ಳುವುದನ್ನೇ ನಿಲ್ಲಿಸಿದರು. ಹೊಂಡದ್ದಕ್ಕೆ ಬಾಗಿಲು ತೆಗೆದಿತ್ತು, ಕಡಲಿನದಕ್ಕೆ ಮುಚ್ಚಿತು. ಆಮೆ ಉಳಿಯಬೇಕು, ಅದರಲ್ಲಿ ನನ್ನದೇನೂ ತಕರಾರಿಲ್ಲ. ಕೊಚ್ಚಿಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು ನಮ್ಮ ಬೋಟಿಗೆ ಹೊಂದುವ ಚೌಕಟ್ಟನ್ನು ಯಾವಾಗಲೋ ಮಾಡಿಟ್ಟಿದ್ದಾರೆ. ಅದನ್ನು ಎಲ್ಲ ಬೋಟಿಗೂ ಹಾಕಿಸುವ ಕೆಲಸ ಬೇಗ ಆಗಬೇಕಿತ್ತು.

ಲೂಸಿಯಾನದವರು ಮಾಡಿದ ಒಂದು ಕೆಲಸ ನನಗೆ ತುಂಬ ಹಿಡಿಸಿತು. ಹೊರದೇಶದ ಸಿಗಡಿ ಬಡಿಸುವ ಹೋಟೆಲಿನವರು ಅದನ್ನು ಗಿರಾಕಿಗೆ ತಿಳಿಸಲೇಬೇಕು ಅಂತ 2019ರಲ್ಲಿ ಕಾನೂನು ತಂದರು. 2024ರಲ್ಲಿ ಅದೇ ಕರಾವಳಿಯ ಅಲಬಾಮಾದಲ್ಲೂ ಅಂಥದ್ದೇ ಬಂತು. ಯಾರಿಗೂ ಅಗ್ಗದ್ದು ತಿನ್ನಬೇಡಿ ಅನ್ನಲಿಲ್ಲ. ಯಾವ ಊರಿನದು ಅಂತ ಹೇಳಿ, ತಿನ್ನುವವರು ತಾವೇ ಆರಿಸಿಕೊಳ್ಳಲಿ. ನಮ್ಮ ಬೋರ್ಡ್ ಮೇಲಿನ ಎರಡು ಸಾಲು ಬಂದಿದ್ದು ಹೀಗೆ.

ಈ ಎರಡು ಸಾಲಿನ ಬಗ್ಗೆ ಮಾಲು ತರುವವರೊಬ್ಬರು ನನಗೆ ಬುದ್ಧಿ ಹೇಳಿದ್ದೂ ಉಂಟು. "ಎರಡೂ ಮಿಕ್ಸ್ ಮಾಡ್ರೀ ಅಕ್ಕಾರ, ಕಾರವಾರ ಸಿಗಡಿ ಅಂತ ಬರೀರಿ. ಮಸಾಲಿ ಒಳಗ ಯಾರಿಗೆ ಗೊತ್ತಾಗತೈತಿ?" ನನಗೆ ಮೈ ಉರಿಯಿತು. ಹಾವೇರಿ ಕಡೆ ಗುಂಟೂರು ಮೆಣಸಿನಕಾಯಿಗೆ ಬ್ಯಾಡಗಿ ಅಂತ ಹೆಸರಿಟ್ಟು ಮಾರಿದರೆ ರೈತರು ಸುಮ್ನೆ ಬಿಡುತ್ತಾರಾ? ಬ್ಯಾಡಗಿಗೆ 2011ರಲ್ಲಿ ಜಿಐ ಪಟ್ಟ ಸಿಕ್ಕಿದೆ, ಅಂದರೆ ಆ ಸೀಮೆಯ ಬೆಳೆಗಷ್ಟೇ ಆ ಹೆಸರು ಅಂತ ಸರ್ಕಾರದ ಮುದ್ರೆ. ಆ ಬಣ್ಣ, ಆ ಸುಕ್ಕು ತೊಗಟೆ, ಆ ಹೆಸರು ಮೂರೂ ಸೇರಿದರೇ ಅವರಿಗೆ ದರ. ಗಜನಿ ಸಿಗಡಿಗೆ ಅಂಥ ಪಟ್ಟವಿಲ್ಲ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, ಒಳ್ಳೆಯದೇ. ಅದರಿಂದ ಸಿಗಡಿಯ ದರ ಏರುವುದಿಲ್ಲ. ಮಾರುವವರು ಊರಿನ ಹೆಸರು ನೆಟ್ಟಗೆ ಹೇಳಿದರೆ ಮಾತ್ರ ಏರುತ್ತದೆ.

ಗೊತ್ತಾಗುವುದಿಲ್ಲ ಅನ್ನುವುದೂ ಸುಳ್ಳು. ಹೊಂಡದ ಸಿಗಡಿ ಎಲ್ಲವೂ ಒಂದೇ ಅಳತೆ, ಚಿಪ್ಪು ತೆಳು, ಬಣ್ಣ ಪೇಲವ. ಗಜನಿಯದರಲ್ಲಿ ದೊಡ್ಡದು ಸಣ್ಣದು ಕಲೆತಿರುತ್ತದೆ. ಸುಲಿದು ಫ್ರೀಜ್ ಮಾಡಿದ ಪ್ಯಾಕೆಟ್ ಆದರೆ ಇನ್ನೊಂದು ನೋಡಬೇಕು. ಸಿಗಡಿಗೆ ಮೇಲಿಂದ ತೆಳ್ಳಗೆ ಐಸ್ ಪದರ ಹಾಕಿರುತ್ತಾರೆ. ಒಣಗದೆ ಇರಲಿ ಅಂತ ಸ್ವಲ್ಪ ಬೇಕು, ಆದರೆ ಜಾಸ್ತಿ ಹಾಕಿದರೆ ನೀರನ್ನೇ ಕೊಂಡ ಹಾಗೆ. ಒಂದು ಕಿಲೋ ಅಂತ ಬಂದ ಪ್ಯಾಕೆಟ್ ಕರಗಿಸಿ, ಜಾಲರಿಯಲ್ಲಿ ಬಸಿದು ತೂಗಿದೆ. 800 ಗ್ರಾಂ ಚಿಲ್ಲರೆ. ಬಾಣಲೆಗೆ ಹಾಕಿದಾಗ ಮತ್ತೆ ನೀರು ಬಿಟ್ಟು ಕುಗ್ಗಿತು. ಆ ಲೆಕ್ಕ ಹಿಡಿದರೆ ಅದು ಕಂಡಷ್ಟು ಅಗ್ಗವಲ್ಲ. ಗಜನಿ ಸಿಗಡಿ ಬ್ಯಾಡಗಿ ಮೆಣಸು, ಕಾಯಿ, ಮುರುಗಲ ಹಾಕಿದ ಮಸಾಲೆಯಲ್ಲಿ ಎರಡು ಕುದಿ ಬಂದರೆ ಸಾಕು. ಕಚ್ಚಿದರೆ ಗಟ್ಟಿ, ಒಳಗೆ ಸಣ್ಣ ಸಿಹಿ.

ಎರಡನ್ನೂ ಯಾಕೆ ಇಟ್ಟಿದ್ದೀರಿ ಅಂತ ಕೇಳುತ್ತೀರಾ? ತಿಂಗಳ ಕೊನೆಯಲ್ಲಿ ಕಾಲೇಜು ಹುಡುಗರ ಜೇಬು ನನಗೆ ಗೊತ್ತು. ಅವರೂ ಸಿಗಡಿ ತಿನ್ನಲಿ. ಮತ್ತೆ, ಮಳೆಗಾಲದಲ್ಲಿ ಗಜನಿಯಲ್ಲಿ ಭತ್ತ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕಡಲಿನ ಯಾಂತ್ರಿಕ ಬೋಟುಗಳೂ ದಡದಲ್ಲೇ. ಆಗ ಹುಬ್ಬಳ್ಳಿಗೆ ಬರುವ ಸಿಗಡಿ ಹೆಚ್ಚಾಗಿ ಹೊಂಡದ್ದೇ. ಆ ಎರಡು ತಿಂಗಳಲ್ಲಿ ಯಾರಾದರೂ ತಾಜಾ ಕಾರವಾರದ ಕಡಲ ಸಿಗಡಿ ಅಂದರೆ, ಯಾವ ದೋಣಿಯಲ್ಲಿ ಬಂತು ಅಂತ ಕೇಳಿ. ಗಣೇಶಪೇಟೆ ಮಾರ್ಕೆಟ್ಟಿನಲ್ಲಿ ಒಳ್ಳೆಯ ವ್ಯಾಪಾರಸ್ಥರಿದ್ದಾರೆ, ಕೇಳಿದರೆ ಇದ್ದದ್ದನ್ನು ಹೇಳುತ್ತಾರೆ. ನಾವು ಕೇಳುವುದಿಲ್ಲ, ಅಷ್ಟೇ. ದರ ಕೇಳುತ್ತೇವೆ, ಸುಲಿದು ಕೊಡಿ ಅನ್ನುತ್ತೇವೆ, ಎಲ್ಲಿಂದ ಬಂತು ಅಂತ ಕೇಳುವುದಿಲ್ಲ.

ಈಗ ನಮ್ಮ ಓಣಿಯ ಕೆಲವು ಮನೆಯವರು ಅಣ್ಣನ ಸಿಗಡಿಯನ್ನು ಸೇರಿ ತರಿಸುತ್ತಿದ್ದಾರೆ. ಒಬ್ಬರೇ ಅರ್ಧ ಕಿಲೋ ಅಂದರೆ ಟೆಂಪೋ ಬಾಡಿಗೆ ಗಿಟ್ಟುವುದಿಲ್ಲ. ಹತ್ತು ಮನೆ ಸೇರಿದರೆ ಒಂದು ಪೆಟ್ಟಿಗೆ ತುಂಬುತ್ತದೆ, ದಲಾಲಿಯೂ ಉಳಿಯುತ್ತದೆ. ಆ ಉಳಿದ ದುಡ್ಡಲ್ಲಿ ಅರ್ಧ ಅಣ್ಣನಿಗೆ, ಅರ್ಧ ಕೊಳ್ಳುವವರಿಗೆ ಅಂತ ಮಾತಾಗಿದೆ. ಧಾರವಾಡದ ಕಡೆಯವರೂ ಕೇಳಿದ್ದಾರೆ. ಬೇಕಾದವರು ಖಾನಾವಳಿಗೆ ಬಂದು ಹೆಸರು ಬರೆಸಿ. ಭತ್ತ ಕೊಯ್ದ ಮೇಲೆ ಶುರು, ಮಳೆ ಬೀಳುವ ತನಕ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಎರಡು ದಿನ ಮುಂಚೆ ಹೇಳಿದರೆ ಸಾಕು. ನೀರು ಸರಿ ಏರದಿದ್ದರೆ ಮಾಲು ಕಡಿಮೆ ಬರುತ್ತದೆ, ಆಗ ಬಂದಷ್ಟನ್ನು ಎಲ್ಲರಿಗೂ ಸಮ ಹಂಚುತ್ತೇನೆ. ತಲೆ ಸಮೇತ ಬರುತ್ತದೆ, ಸುಲಿಯುವುದು ನಿಮ್ಮ ಕೆಲಸ. ತಲೆ, ಚಿಪ್ಪು ಎಸೆಯಬೇಡಿ. ತೊಳೆದು, ಹುರಿದು, ನೀರು ಹಾಕಿ ಕುದಿಸಿ ಸೋಸಿಕೊಂಡರೆ ಸಾರಿಗೆ ಅದಕ್ಕಿಂತ ಒಳ್ಳೆಯ ನೀರು ಬೇರೆ ಇಲ್ಲ.