ಸಿರಾಕೂಸಾದಲ್ಲಿ ಮೊದಲ ದಿನ

ಅಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಆರ್ಕಿಮಿಡೀಸನ ತತ್ವ ಬಂದಾಗಲೆಲ್ಲ "ಇವನ ಊರು ಸಿರಾಕ್ಯೂಸ್" ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದಳಂತೆ. ಸಿಸಿಲಿಗೆ ಟಿಕೆಟ್ ಮಾಡಿಸುವಾಗ ಅವಳು ಕೇಳಿದ್ದು ಒಂದೇ, ಆ ಊರು ನೋಡಬೇಕು. ಇಟಲಿಯವರು ಅದನ್ನು ಸಿರಾಕೂಸಾ ಅನ್ನುತ್ತಾರೆ. ಕತಾನಿಯಾ ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ಒಂದು ಗಂಟೆಗೆ ಸ್ವಲ್ಪ ಜಾಸ್ತಿ ಹಿಡಿಯಿತು. ತಲುಪಿದಾಗ ರಾತ್ರಿ ತಡವಾಗಿತ್ತು, ಏನೂ ನೋಡದೆ ಮಲಗಿಬಿಟ್ಟೆವು.

ನಾವು ಉಳಿದುಕೊಂಡದ್ದು ಒರ್ತೀಜಾದಲ್ಲಿ. ಊರಿನ ಹಳೇ ಭಾಗ ಇದು, ಒಂದು ಪುಟ್ಟ ದ್ವೀಪ. ಸೇತುವೆ ದಾಟಿದರೆ ಹೊಸ ಊರು. ಕ್ರಿ.ಪೂ. 734ರ ಸುಮಾರಿಗೆ ಗ್ರೀಸಿನ ಕೊರಿಂಥ್‌ನಿಂದ ಹಡಗಿನಲ್ಲಿ ಬಂದವರು ಮೊದಲು ನೆಲೆಯೂರಿದ್ದು ಇಲ್ಲೇ. ಗಾಡಿ ಏನೂ ಬೇಡ, ಎಲ್ಲ ಕಡೆಗೂ ನಡೆದೇ ಹೋಗಬಹುದು.

ಬೆಳಗಿನ ತಿಂಡಿಗೆ ಇಲ್ಲಿನವರು ತಿನ್ನುವುದನ್ನೇ ತಿಂದೆವು. ಬಾದಾಮಿ ಗ್ರಾನೀತಾ, ಜೊತೆಗೆ ಬ್ರಿಯೋಶ್. ಗ್ರಾನೀತಾ ಐಸ್‌ಕ್ರೀಮೂ ಅಲ್ಲ, ನಮ್ಮ ಐಸ್ ಗೋಲಾನೂ ಅಲ್ಲ. ರುಬ್ಬಿದ ಬಾದಾಮಿಯ ಹಾಲಿಗೆ ಸಕ್ಕರೆ ಹಾಕಿ, ಕೆದಕುತ್ತಾ ಕೆದಕುತ್ತಾ ಹೆಪ್ಪುಗಟ್ಟಿಸುತ್ತಾರೆ, ಹಾಗಾಗಿ ಅದು ಗಡ್ಡೆಯಾಗದೆ ಸಣ್ಣ ರವೆಯ ಹಾಗೆ ನಾಲಿಗೆಗೆ ಸಿಗುತ್ತದೆ. ಹತ್ತಿರದ ಆವೊಲಾ ಊರಿನ ಬಾದಾಮಿ ಈ ಕಡೆಯೆಲ್ಲ ಹೆಸರುವಾಸಿ. ಬ್ರಿಯೋಶ್ ಮೆತ್ತನೆಯ ಬನ್ನು, ತಲೆಯ ಮೇಲೊಂದು ಪುಟ್ಟ ಗುಂಡು. ಆ ಗುಂಡನ್ನು ಮೊದಲು ಕಿತ್ತು ಗ್ರಾನೀತಾದಲ್ಲಿ ಅದ್ದಿ ತಿನ್ನಬೇಕು ಅಂತ ಪಕ್ಕದ ಟೇಬಲಿನ ಅಜ್ಜಿಯೊಬ್ಬರು ಕೈಸನ್ನೆಯಲ್ಲೇ ತೋರಿಸಿಕೊಟ್ಟರು. "ಬೆಳಗ್ಗೆ ಬೆಳಗ್ಗೆನೇ ಇಷ್ಟು ತಣ್ಣಗಿರೋದಾ?" ಅಂದ ಅಮ್ಮ ಲೋಟ ಖಾಲಿ ಮಾಡಿದ ಮೇಲೆಯೇ ಎದ್ದಳು.

ಅಲ್ಲಿಂದ ಅಪೊಲೊ ಗುಡಿ. ಕ್ರಿ.ಪೂ. ಆರನೇ ಶತಮಾನದ್ದು. ಈಗ ಎರಡು ಕಂಬ, ಒಂದಷ್ಟು ಗೋಡೆ, ಮೊಂಡು ಬುಡಗಳು ಉಳಿದಿವೆ, ಬೇಲಿಯ ಹೊರಗಿನಿಂದಲೇ ನೋಡಬೇಕು. ಅದರ ಪಕ್ಕದ ಬೀದಿಯಲ್ಲೇ ಸಂತೆ. ಮೀನಿನವರ ಕೂಗಾಟ ದೂರದಿಂದಲೇ ಕೇಳಿಸುತ್ತದೆ. ನಾವು ಮೀನು ತಿನ್ನುವವರಲ್ಲ, ಆದರೂ ಒಣ ಟೊಮೆಟೊ, ಪಿಸ್ತಾ, ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗು, ಕಟ್ಟು ಕಟ್ಟಿ ತೂಗುಹಾಕಿದ ಓರೆಗಾನೊ ನೋಡುತ್ತಾ ಒಂದು ಗಂಟೆ ಹೋಯಿತು. ಸಂತೆ ನಡೆಯುವುದು ಬೆಳಗಿನ ಹೊತ್ತು ಮಾತ್ರ. ಹೋಗುವವರು ಬೇಗ ಹೋಗಿ.

ಆಮೇಲೆ ಬಂತು ದುಓಮೊ, ಅಂದರೆ ಊರಿನ ದೊಡ್ಡ ಚರ್ಚು. ಮುಂದಿನ ಚೌಕ ಎಷ್ಟು ಬೆಳ್ಳಗಿದೆ ಅಂದರೆ ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ. ಚರ್ಚಿನ ಮುಂಭಾಗ ಹದಿನೆಂಟನೇ ಶತಮಾನದ್ದು, ತುಂಬಾ ಚೆಂದ. ಆದರೆ ನೀವು ಪಕ್ಕದ ವಿಯಾ ಮಿನೇರ್ವಾ ಬೀದಿಗೆ ಬನ್ನಿ. ಅಲ್ಲಿ ಚರ್ಚಿನ ಗೋಡೆಯೊಳಗಿಂದ ದಪ್ಪ ದಪ್ಪ ಗ್ರೀಕ್ ಕಂಬಗಳು ಹೊರಗೆ ಇಣುಕುತ್ತಿವೆ! ನಾನು ಫೋಟೊಗಳಲ್ಲಿ ನೋಡಿದ್ದೆ, ಆದರೂ ಎದುರಿಗೆ ನಿಂತಾಗ ಮೈ ಜುಮ್ಮೆಂದಿತು. "ಇಲ್ಲಿ ಬಾರೇ, ಇದು ಗುಡಿನೇ ಅಲ್ವಾ?" ಅಂತ ಅಮ್ಮ ಕೂಗಿದಳು.

ಹೌದು, ಗುಡಿಯೇ. ಕ್ರಿ.ಪೂ. 480ರಲ್ಲಿ ಸಿಸಿಲಿಯದೇ ಹಿಮೇರಾದಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನವರನ್ನು ಸೋಲಿಸಿದ ಮೇಲೆ ಇಲ್ಲಿನ ದೊರೆ ಗೆಲೋನ್ ಅಥೀನಾ ದೇವಿಗೆ ಕಟ್ಟಿಸಿದ್ದು. ಇದರ ಬಾಗಿಲುಗಳಲ್ಲಿದ್ದ ಚಿನ್ನ, ದಂತದ ಕೆಲಸವನ್ನು ರೋಮಿನ ಅಧಿಕಾರಿ ವೆರ್ರೆಸ್ ಕಿತ್ತುಕೊಂಡು ಹೋದ ಅಂತ ಕ್ರಿ.ಪೂ. 70ರಲ್ಲಿ ಅವನ ಮೇಲೆ ಮೊಕದ್ದಮೆ ನಡೆಸಿದ ಸಿಸೆರೊ ದೂರಿದ್ದಾನೆ. ಏಳನೇ ಶತಮಾನದಲ್ಲಿ ಗುಡಿಯನ್ನು ಚರ್ಚು ಮಾಡಿಕೊಂಡರು. ಕೆಡವಲಿಲ್ಲ. ಹೊರಗಿನ ಕಂಬಗಳ ನಡುವಿನ ಸಂದುಗಳಿಗೆ ಗೋಡೆ ಕಟ್ಟಿದರು, ಒಳಗಿನ ಗರ್ಭಗುಡಿಯ ಗೋಡೆಗಳಲ್ಲಿ ಕಮಾನು ಕೊರೆದು ದಾರಿ ಬಿಟ್ಟರು, ಅಷ್ಟೇ. 878ರಲ್ಲಿ ಅರಬರು ಊರು ಗೆದ್ದ ಮೇಲೆ ಇದೇ ಮಸೀದಿಯಾಯಿತು, ಆಮೇಲೆ ಉತ್ತರ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರ ಕಾಲಕ್ಕೆ ಮತ್ತೆ ಚರ್ಚು. 1693ರ ಭೂಕಂಪ ಈ ಭಾಗದ ಊರೂರುಗಳನ್ನೇ ನೆಲಸಮ ಮಾಡಿತು, ಇಲ್ಲಿ ಮುಂಭಾಗ ಬಿತ್ತು, ಕಂಬಗಳು ನಿಂತವು.

ಒಳಗೆ ತಂಪು, ಮಬ್ಬು ಬೆಳಕು. ಒಂದು ಬದಿಯಲ್ಲಿ ದೀಕ್ಷಾಸ್ನಾನದ ಅಮೃತಶಿಲೆಯ ಪಾತ್ರೆ ಇದೆ, ಅದನ್ನು ಏಳು ಪುಟ್ಟ ಕಂಚಿನ ಸಿಂಹಗಳು ಹೊತ್ತಿವೆ. ಅಮ್ಮ ಚಪ್ಪಲಿ ಬಿಡಲು ಜಾಗ ಹುಡುಕಿದಳು, ಇಲ್ಲಿ ಬಿಡಬೇಕಾಗಿಲ್ಲ ಅಂದರೂ ಅವಳ ಮನಸ್ಸು ಒಪ್ಪಲಿಲ್ಲ. ಒಂದು ಕಂಬಕ್ಕೆ ಅಂಗೈ ಇಟ್ಟು ಸುಮ್ನೆ ನಿಂತುಬಿಟ್ಟಳು. ಆರ್ಕಿಮಿಡೀಸ್ ಹುಟ್ಟುವ ಹೊತ್ತಿಗೇ ಈ ಕಂಬಗಳಿಗೆ ಸುಮಾರು ಇನ್ನೂರು ವರ್ಷ ಆಗಿತ್ತು. "ಅವನೂ ಇವುಗಳನ್ನ ನೋಡೇ ಇರ್ತಾನಲ್ವಾ?" ಅಂದಳು. ನೋಡದೆ ಹೇಗಿರುತ್ತಾನೆ, ಅವನ ಊರು ತಾನೇ. ಆ ಮಾತು ಕೇಳಿ ನನ್ನ ಕಣ್ಣು ಒದ್ದೆಯಾಯಿತು.

ಹೊರಗೆ ಬಂದಾಗ ಮೂರು ಗಂಟೆ. ಮಧ್ಯಾಹ್ನದ ಊಟ ಮುಗಿಸಿ ಎಷ್ಟೋ ಹೋಟೆಲುಗಳು ಅಡುಗೆಮನೆ ಮುಚ್ಚಿಬಿಟ್ಟಿದ್ದವು. ಇಲ್ಲಿ ಒಂದೂವರೆ, ಎರಡರೊಳಗೆ ಕೂತರೆ ಒಳ್ಳೆಯದು. ಕೊನೆಗೆ ಕರಿದ ತಿಂಡಿಯ ಅಂಗಡಿಯೊಂದರಲ್ಲಿ ಅರಂಚಿನೊ ಸಿಕ್ಕಿತು. ಅನ್ನವನ್ನು ಮುದ್ದೆ ಕಟ್ಟಿ, ಒಳಗೆ ಪಲ್ಯ ತುಂಬಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯುತ್ತಾರೆ. ಮಾಂಸದ್ದೇ ಜಾಸ್ತಿ, ಕೇಳಿದರೆ ಬದನೆಕಾಯಿ, ಟೊಮೆಟೊ ಹಾಕಿದ್ದು ಕೊಡುತ್ತಾರೆ. ಒಂದೇ ತಿಂದರೆ ಹೊಟ್ಟೆ ತುಂಬುತ್ತದೆ.

ಪಿಯಾತ್ಸಾ ಆರ್ಕಿಮೀದೆ ಅಂತ ಅವನ ಹೆಸರಿನ ಚೌಕ ಇದೆ, ಆದರೆ ನಡುವಿನ ಕಾರಂಜಿಯಲ್ಲಿ ನಿಂತಿರುವುದು ಬೇಟೆಯ ದೇವತೆ ಡಯಾನಾ. ಅಮ್ಮನಿಗೆ ಬೇಜಾರಾಯಿತು. ಸೇತುವೆಯ ಹತ್ತಿರ ಅವನದೇ ಕಂಚಿನ ಪ್ರತಿಮೆ ಸಿಕ್ಕ ಮೇಲೆ ಸಮಾಧಾನ, ಆರು ಫೋಟೊ ತೆಗೆಸಿಕೊಂಡಳು.

ಸಂಜೆ ಅರೆತೂಸಾ ಬುಗ್ಗೆಯ ಕಟ್ಟೆಯ ಮೇಲೆ ಕೂತೆವು. ಸಮುದ್ರಕ್ಕೂ ಅದಕ್ಕೂ ನಡುವೆ ಒಂದು ಗೋಡೆ, ಒಂದು ದಾರಿ, ಅಷ್ಟೇ. ಒಳಗೆ ಸಿಹಿನೀರು ಉಕ್ಕುತ್ತದೆ, ಪಪೈರಸ್ ಹುಲ್ಲು ಬೆಳೆದಿದೆ, ಬಾತುಕೋಳಿ ಈಜುತ್ತವೆ. ಗ್ರೀಸಿನಲ್ಲಿ ಆಲ್ಫಿಯಸ್ ನದಿದೇವ ಬೆನ್ನಟ್ಟಿದಾಗ ಅರೆತೂಸಾ ನೀರಾಗಿ, ಕಡಲಡಿಯಿಂದ ಹರಿದು ಬಂದು ಇಲ್ಲಿ ಎದ್ದಳು ಅನ್ನುವುದು ಕಥೆ. ಅಮ್ಮ ಕಥೆಯನ್ನು ಪೂರ್ತಿ ಕೇಳಿದಳು. ಆಮೇಲೆ, ಸುಣ್ಣಕಲ್ಲಿನ ಬೆಟ್ಟ ಮಳೆನೀರು ಹೀರಿಕೊಂಡು ಹೇಗೆ ಕೆಳಗೆ ಹರಿಸುತ್ತದೆ ಅಂತ ಬೆರಳಿನಿಂದ ಕಟ್ಟೆಯ ಮೇಲೆ ಚಿತ್ರ ಬರೆದು ತೋರಿಸಿದಳು. ಎದುರಿಗೆ ಸೂರ್ಯ ಮುಳುಗಿದ.

ರಾತ್ರಿ ಊಟಕ್ಕೆ ಕಾಪೊನಾತಾ ತರಿಸಿದೆವು. ಕರಿದ ಬದನೆಕಾಯಿ, ಸೆಲರಿ, ಟೊಮೆಟೊ, ಆಲಿವ್, ಕೇಪರ್, ಮೇಲೆ ವಿನಿಗರ್ ಮತ್ತು ಸಕ್ಕರೆ. "ಇದು ನಮ್ಮ ಗೊಜ್ಜೇ ಕಣೇ, ಹುಣಸೆಹಣ್ಣು ಬೆಲ್ಲದ ಬದಲು ಇದು," ಅಂದಳು ಅಮ್ಮ. ಬಡಿಸುವ ಹುಡುಗನನ್ನು ಕರೆದು ಹೇಗೆ ಮಾಡುವುದು ಅಂತ ಕೇಳಿಸಿದಳು. ಅವನು ಎಲ್ಲ ಹೇಳಿ, ಮಾಡಿದ ದಿನಕ್ಕಿಂತ ಮರುದಿನ ಇದು ಇನ್ನೂ ರುಚಿ ಅಂದ. "ಹಾಗಾದ್ರೆ ನಾಳೆನೂ ಇಲ್ಲಿಗೇ ಬರೋಣ," ಅಂದಳು.